ಮಕ್ಕಳೊಡನೆ ದಿನಕ್ಕೊಂದು ನಡಿಗೆ

ಮಗು ಹುಟ್ಟಿದ ದಿನದಿಂದ ಅದರ ಪಾಲನೆ ಪೋಷಣೆಗಾಗಿ ತಂದೆತಾಯಿಯರು ಪಡುವ ಶ್ರಮ ಅಷ್ಟಿಷ್ಟಲ್ಲ. ಸಕಾಲದಲ್ಲಿ ಚುಚ್ಚುಮದ್ದು ಹಾಕಿಸುವುದು, ಹೊಟ್ಟೆ ತುಂಬ ಉಣಿಸುವುದು, ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವುದು, ವಯಸ್ಸಿಗೆ ಸರಿಯಾಗಿ ಶಾಲೆಗೆ ಸೇರಿಸುವುದು, ಇವೆಲ್ಲವನ್ನೂ ತಪ್ಪದೆ ಮಾಡುವ ದಂಪತಿಗಳು ಇಂದು ಪ್ರತಿಯೊಂದು ಹಳ್ಳಿಯಲ್ಲಿಯೂ ಇದ್ದಾರೆ. ಆದರೆ ಹೀಗೆ ಎಲ್ಲವನ್ನೂ ಒದಗಿಸಿದ ಮನೆಯಲ್ಲಿಯೂ ಕೆಲವೊಮ್ಮೆ ಒಂದು ಕೊರತೆ ಉಳಿದುಬಿಡುತ್ತದೆ. ಮಗುವಿನ ಮನಸ್ಸಿನಲ್ಲಿ ಏನಿದೆಯೆಂಬುದು ತಂದೆತಾಯಿಗೆ ತಿಳಿಯದು. ಅದನ್ನು ಹೇಳಿಕೊಳ್ಳುವ ಬಗೆ ಮಗುವಿಗೆ ತಿಳಿಯದು.

ಈ ಕೊರತೆಯನ್ನು ನೀಗಿಸಲು ಹಣ ಬೇಕಿಲ್ಲ, ಹೆಚ್ಚಿನ ಓದೂ ಬೇಕಿಲ್ಲ. ವಾರದಲ್ಲಿ ನಾಲ್ಕು ದಿನ, ದಿನಕ್ಕೆ 20 ನಿಮಿಷಗಳ ಕಾಲ ಮಗುವಿನ ಜೊತೆಯಲ್ಲಿ ನಡೆಯಿರಿ. ಲೆಕ್ಕ ಹಾಕಿ ನೋಡಿದರೆ ಇದು ವಾರಕ್ಕೆ 80 ನಿಮಿಷ. ವರ್ಷಕ್ಕೆ ಸುಮಾರು 69 ಗಂಟೆ. ಇಷ್ಟು ಹೊತ್ತು ತಂದೆಯೋ ತಾಯಿಯೋ ತನ್ನೊಬ್ಬನ ಮಾತನ್ನೇ ಕೇಳಿದರೆಂಬ ನೆನಪು ಮಗುವಿಗೆ ಜೀವಮಾನದ ಆಸ್ತಿಯಾಗುತ್ತದೆ.

ನಡಿಗೆ ಹಳ್ಳಿಯವರಿಗೆ ಹೊಸದೇ?

"ನಾವು ದಿನವೆಲ್ಲ ನಡೆಯುವವರೇ. ನಮಗೆ ಇದನ್ನು ಹೇಳಿಕೊಡಬೇಕೇ?" ಎಂದು ನೀವು ಕೇಳಬಹುದು. ಮಾತು ನಿಜ. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂತಹ ಊರುಗಳಲ್ಲಿ ಮನೆಗಳು ಒಂದೆಡೆ, ಹೊಲಗಳು ಇನ್ನೊಂದೆಡೆ. ಹೊಲಕ್ಕೆ ಹೋಗಿಬರುವುದೇ ದಿನಚರಿಯ ಒಂದು ಭಾಗ. ಆದರೆ ಆ ದಾರಿಯಲ್ಲಿ ಮಗು ನಮ್ಮೊಡನೆ ಬಂದಾಗ ನಡೆಯುವುದೇನು? ಕೆಲಸದ ಅವಸರದಲ್ಲಿ ತಂದೆ ಹತ್ತು ಮಾರು ಮುಂದೆ ಹೋಗುತ್ತಾನೆ. ಮಗು ಹಿಂದೆ ಓಡುತ್ತ ಬರುತ್ತದೆ. ತಾಯಿಯ ತಲೆಯ ಮೇಲೆ ಬುತ್ತಿಯ ಗಂಟು, ಮನಸ್ಸಿನಲ್ಲಿ ಕಳೆ ಕೀಳುವ ಚಿಂತೆ. ಈಗಂತೂ ಅನೇಕ ಮನೆಗಳಲ್ಲಿ ಮೋಟಾರು ಸೈಕಲ್ ಬಂದಿದೆ. ಮಗುವನ್ನು ಮುಂದೆ ಕೂರಿಸಿಕೊಂಡು ಐದು ನಿಮಿಷದಲ್ಲಿ ಹೊಲ ಮುಟ್ಟಬಹುದು. ಗಾಳಿಯ ಸದ್ದಿನಲ್ಲಿ ಮಾತು ಮಾತ್ರ ಆಗದು.

ಇಲ್ಲಿ ಹೇಳುತ್ತಿರುವ ನಡಿಗೆಯ ರೀತಿ ಬೇರೆ. ಮಗುವಿನ ಹೆಜ್ಜೆಗೆ ಹೆಜ್ಜೆ ಕೂಡಿಸಿ, ಅದರ ಪಕ್ಕದಲ್ಲಿ, ಮೊಬೈಲನ್ನು ಜೇಬಿನಲ್ಲಿಟ್ಟು ನಡೆಯುವುದು. ಹೊಲದ ದಾರಿ ಅದೇ ಇರಲಿ. ನಡೆಯುವ ಬಗೆ ಬೇರೆಯಾಗಲಿ.

ನಡೆಯುವಾಗ ಮಾತು ಸುಲಭವೇಕೆ?

ಸಂಜೆ ಶಾಲೆಯಿಂದ ಬಂದ ಮಗನನ್ನು ಎದುರಿಗೆ ನಿಲ್ಲಿಸಿಕೊಂಡು "ಇವತ್ತು ಸಾಲ್ಯಾಗ ಏನಾತು?" ಎಂದು ಕೇಳಿದರೆ "ಏನಿಲ್ಲ" ಎಂಬ ಉತ್ತರ ಬರುತ್ತದೆ. ಅವನಿಗೆ ಅದು ವಿಚಾರಣೆಯಂತೆ ತೋರುತ್ತದೆ. ದೊಡ್ಡವರ ಕಣ್ಣು ತನ್ನ ಮುಖದ ಮೇಲಿರುವಾಗ ಮಗು ಮಾತನ್ನು ಅಳೆದು ತೂಗಿ ಆಡುತ್ತದೆ. ಅದೇ ಇಬ್ಬರೂ ಪಕ್ಕಪಕ್ಕದಲ್ಲಿ ನಡೆಯುವಾಗ ಇಬ್ಬರ ದೃಷ್ಟಿಯೂ ದಾರಿಯ ಮೇಲಿರುತ್ತದೆ. ನಡುವೆ ಸ್ವಲ್ಪ ಹೊತ್ತು ಮೌನವಾದರೂ ಅದು ಭಾರವಾಗುವುದಿಲ್ಲ. ದಾರಿಯಲ್ಲಿ ಕಂಡ ಒಂದು ಹಕ್ಕಿಯಿಂದ ಮಾತು ಆರಂಭವಾಗಿ ಶಾಲೆಯ ಗೆಳೆಯನಿಗೆ, ಗೆಳೆಯನಿಂದ ನಿನ್ನೆಯ ಜಗಳಕ್ಕೆ, ಜಗಳದಿಂದ ಮಗುವಿನ ಮನಸ್ಸಿನ ನೋವಿಗೆ ತಾನಾಗಿ ಹರಿಯುತ್ತದೆ.

ದೇಹಕ್ಕೂ ಇದರಿಂದ ಹಿತವುಂಟು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳಷ್ಟು ಚಟುವಟಿಕೆ ಅವಶ್ಯಕವೆಂದೂ, ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳಷ್ಟು ಅವಶ್ಯಕವೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿದೆ. ಚುರುಕಾದ ನಡಿಗೆ ಈ ಲೆಕ್ಕಕ್ಕೆ ಸೇರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಹಳ್ಳಿಗಳಲ್ಲಿಯೂ ಕಾಣಿಸಿಕೊಳ್ಳುತ್ತಿರುವ ಈ ಕಾಲದಲ್ಲಿ ಮಗುವಿಗಾಗಿ ನಡೆದ ನಡಿಗೆ ತಂದೆತಾಯಿಯರ ಆರೋಗ್ಯವನ್ನೂ ಕಾಯುತ್ತದೆ.

ಗಾಂಧೀಜಿಯವರು ಮಾಡಿದ ಪ್ರಯೋಗ

ಮಹಾತ್ಮಾ ಗಾಂಧಿಯವರು ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ನಗರದಲ್ಲಿ ವಕೀಲರಾಗಿದ್ದಾಗ ತಮ್ಮ ಮಕ್ಕಳನ್ನು ಜೊತೆಯಲ್ಲಿ ಕರೆದುಕೊಂಡು ಕಚೇರಿಗೆ ನಡೆದುಹೋಗುತ್ತಿದ್ದರು. ಹೋಗಿಬರುವ ದಾರಿ ಒಟ್ಟು ಸುಮಾರು 5 ಮೈಲಿ, ಅಂದರೆ 8 ಕಿಲೋಮೀಟರು. ಈ ದಾರಿಯಲ್ಲಿ ಮಾತುಕತೆಯ ಮೂಲಕವೇ ಮಕ್ಕಳಿಗೆ ತಿಳಿವಳಿಕೆ ನೀಡಲು ಯತ್ನಿಸುತ್ತಿದ್ದೆನೆಂದೂ, ಇದರಿಂದ ತಮಗೂ ಮಕ್ಕಳಿಗೂ ಒಳ್ಳೆಯ ವ್ಯಾಯಾಮವಾಗುತ್ತಿತ್ತೆಂದೂ ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಬಿಡುವಿಲ್ಲದ ವಕೀಲಿ ಮತ್ತು ಸಾರ್ವಜನಿಕ ಸೇವೆಯ ನಡುವೆ ಮಕ್ಕಳಿಗಾಗಿ ಅವರು ಕಂಡುಕೊಂಡ ಸಮಯ ಅದು.

ಅದೇ ಪುಸ್ತಕದಲ್ಲಿ ಅವರು ಇನ್ನೊಂದು ಮಾತನ್ನೂ ಒಪ್ಪಿಕೊಂಡಿದ್ದಾರೆ. ಮಕ್ಕಳಿಗೆ ಕ್ರಮಬದ್ಧವಾದ ಅಕ್ಷರವಿದ್ಯೆಯನ್ನು ಸಾಕಷ್ಟು ಕೊಡಲು ತಮ್ಮಿಂದ ಆಗಲಿಲ್ಲವೆಂದೂ, ಈ ಬಗ್ಗೆ ಮಕ್ಕಳಿಗೆ ತಮ್ಮ ಮೇಲೆ ಅಸಮಾಧಾನವಿತ್ತೆಂದೂ ಹೇಳಿದ್ದಾರೆ. ಆದುದರಿಂದ ನಾವು ಎರಡನ್ನೂ ಕಲಿಯೋಣ. ಮಗು ತಂದೆತಾಯಿಯರೊಡನೆ ನಡೆಯಲಿ. ಪ್ರತಿದಿನ ಶಾಲೆಗೂ ಹೋಗಲಿ. ಹೊಲದ ನಡಿಗೆಯ ನೆಪದಲ್ಲಿ ಶಾಲೆ ತಪ್ಪಿಸುವುದು, ಮಗುವಿನ ಕೈಗೆ ಕುಡುಗೋಲು ಕೊಟ್ಟು ಕೂಲಿಯ ಕೆಲಸ ಮಾಡಿಸುವುದು ಸರ್ವಥಾ ಸಲ್ಲದು.

ನಮ್ಮ ಸೀಮೆಯ ಪದ್ಧತಿಯಲ್ಲಿಯೇ ಇದೆ

ದೂರದ ಉದಾಹರಣೆ ಹಾಗಿರಲಿ. ಕಲಬುರಗಿ ಸೀಮೆಯ ರೈತರಿಗೆ ಎಳ್ಳಮಾವಾಸ್ಯೆಯ ದಿನವನ್ನು ಬಿಡಿಸಿ ಹೇಳಬೇಕಿಲ್ಲ. ಹಿಂಗಾರಿನ ಬಿಳಿಜೋಳ ಹೊಲದಲ್ಲಿ ಎದ್ದುನಿಂತಿರುವ ಕಾಲ. ಸಜ್ಜೆಯ ರೊಟ್ಟಿ, ಕಡುಬು, ಭಜ್ಜಿ, ಶೇಂಗಾ ಹೋಳಿಗೆಗಳ ಬುತ್ತಿ ಕಟ್ಟಿಕೊಂಡು ಅಜ್ಜ ಅಜ್ಜಿಯರಿಂದ ಹಿಡಿದು ಎಳೆಮಕ್ಕಳವರೆಗೆ ಇಡೀ ಮನೆ ಹೊಲಕ್ಕೆ ಹೊರಡುತ್ತದೆ. ಭೂಮಿತಾಯಿಗೆ ಪೂಜೆ ಸಲ್ಲಿಸಿ, ಚರಗ ಚೆಲ್ಲಿ, ನೆರೆಹೊರೆಯವರೊಡನೆ ಕೂಡಿ ಉಣ್ಣುವ ಆ ದಿನ ಮಕ್ಕಳ ನೆನಪಿನಲ್ಲಿ ಅಚ್ಚಳಿಯದೆ ಉಳಿಯುತ್ತದೆ. ಗಾಣಗಾಪುರದ ದತ್ತಾತ್ರೇಯ, ಘತ್ತರಗಿಯ ಭಾಗ್ಯವಂತಿ, ಆಳಂದದ ಲಾಡ್ಲೆ ಮಶಾಕ್ ದರ್ಗಾಗಳಿಗೆ ಮನೆಮಂದಿಯೆಲ್ಲ ಕೂಡಿ ಹೋಗಿಬರುವ ಕುಟುಂಬಗಳೂ ಹಲವು. ಆ ದಿನಗಳಲ್ಲಿ ದೊಡ್ಡವರಿಗೆ ಬೇರೆ ಕೆಲಸವಿರುವುದಿಲ್ಲ. ಮಕ್ಕಳ ಮಾತಿಗೆ ಕಿವಿಯಿರುತ್ತದೆ. ವರ್ಷಕ್ಕೊಮ್ಮೆ ಸಿಗುವ ಆ ಸಂತೋಷದಲ್ಲಿ ಒಂದು ತುಣುಕನ್ನು ಪ್ರತಿವಾರವೂ ಮಕ್ಕಳಿಗೆ ಹಂಚಿದರೆ ಅದೇ ಈ ನಡಿಗೆ.

ನಿಮ್ಮ ಹೊಲದ ದಾರಿಯಲ್ಲಿ ಮಗುವಿಗೆ ತೋರಿಸಲು ಏನೇನಿಲ್ಲ! ತೊಗರಿಯ ಒಂದು ಗಿಡವನ್ನು ಬೇರುಸಹಿತ ಮೆಲ್ಲಗೆ ಕಿತ್ತು ಬೇರಿನಲ್ಲಿರುವ ಸಣ್ಣ ಗಂಟುಗಳನ್ನು ತೋರಿಸಿರಿ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಗೊಬ್ಬರವಾಗಿ ಒದಗಿಸುವ ಸೂಕ್ಷ್ಮಜೀವಿಗಳ ಮನೆ ಅದು. ಗಂಟನ್ನು ಉಗುರಿನಿಂದ ಒಡೆದಾಗ ಒಳಗೆ ನಸುಗೆಂಪು ಕಂಡರೆ ಅವು ಕೆಲಸ ಮಾಡುತ್ತಿವೆಯೆಂದು ತಿಳಿಯಬೇಕು. ನಮ್ಮ ಈ ತೊಗರಿಯ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆಯೆಂದು ಹೇಳಿದರೆ, ತನ್ನ ಊರಿನ ಬೆಳೆಗೆ ಹೊರಗೆ ಎಷ್ಟು ಹೆಸರಿದೆಯೆಂದು ಮಗು ಹೆಮ್ಮೆಪಡುತ್ತದೆ. ಕಾಯಿಕೊರಕ ಹುಳು ಬಿದ್ದಾಗ ಹಿರಿಯರು ಗಿಡಗಳನ್ನು ಅಲುಗಿಸಿ ಹುಳುಗಳನ್ನು ಬಟ್ಟೆಯ ಮೇಲೆ ಉದುರಿಸುತ್ತಿದ್ದ ಉಪಾಯವನ್ನು ಹೇಳಿರಿ. ಹುಳು ಹಿಡಿದು ತಿನ್ನುವ ಕಾಜಾಣ ಹಕ್ಕಿ ರೈತನ ಮಿತ್ರನೆಂದು ತೋರಿಸಿರಿ. ಹಳ್ಳ ದಾಟುವಾಗ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಿರಿ. ಆಳಂದ ತಾಲ್ಲೂಕಿನಲ್ಲಿ ಹರಿಯುವ ಅಮರ್ಜಾ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆ ಅಫಜಲಪುರ, ಜೇವರ್ಗಿ ಸೀಮೆಗಳನ್ನು ಹಾದು ಮುಂದೆ ಕೃಷ್ಣೆಯನ್ನು ಸೇರುತ್ತದೆ. ಶಾಲೆಯ ಭೂಪಟದಲ್ಲಿ ಮಗು ಆ ಗೆರೆಯನ್ನು ಕಂಡಾಗ ಅದು ತಾನು ಬಲ್ಲ ನೀರೆಂದು ಗುರುತಿಸುತ್ತದೆ.

ಓದು ಬರಹ ಬಾರದ ತಂದೆತಾಯಿಯರು "ಮಕ್ಕಳಿಗೆ ನಾವೇನು ಕಲಿಸಬಲ್ಲೆವು?" ಎಂದು ಹಿಂಜರಿಯಬೇಕಾಗಿಲ್ಲ. ಮೋಡ ನೋಡಿ ಮಳೆಯನ್ನೂ, ಮಣ್ಣು ಹಿಡಿದು ಹದವನ್ನೂ ಹೇಳಬಲ್ಲ ನಿಮ್ಮ ತಿಳಿವಳಿಕೆ ಮಕ್ಕಳಿಗೆ ಪಠ್ಯಪುಸ್ತಕದಲ್ಲಿ ಸಿಗದು.

ವಯಸ್ಸಿಗೆ ತಕ್ಕ ನಡಿಗೆ

ಒಂದರಿಂದ ಮೂರು ವರ್ಷದ ಮಗು: ಇಪ್ಪತ್ತು ನಿಮಿಷದಲ್ಲಿ ಓಣಿಯ ತುದಿಯನ್ನೂ ಮುಟ್ಟದಿರಬಹುದು. ಅವಸರ ಬೇಡ. ಇರುವೆಯ ಸಾಲಿನ ಮುಂದೆ ಕುಳಿತರೆ ನೀವೂ ಕುಳಿತುಕೊಳ್ಳಿರಿ. ಕಂಡುದೆಲ್ಲದರ ಹೆಸರನ್ನು ಸ್ಪಷ್ಟವಾಗಿ ಹೇಳಿರಿ. ಮಗು ಮಾತು ಕಲಿಯುವುದು ಹೀಗೆಯೇ.

ಮೂರರಿಂದ ಆರು ವರ್ಷ: "ಯಾಕ?" ಎಂಬ ಪ್ರಶ್ನೆಗೆ ಕೊನೆಯಿಲ್ಲದ ವಯಸ್ಸು. ಗದರಿಸಬೇಡಿರಿ. ಉತ್ತರ ಗೊತ್ತಿಲ್ಲದಿದ್ದರೆ "ನಿಮ್ಮ ಅಕ್ಕೋರ್ನ ಕೇಳೋಣು" ಎಂದು ಹೇಳಿರಿ. ಅಂಗನವಾಡಿಗೆ ಕರೆದೊಯ್ಯುವ ದಾರಿಯೇ ಈ ವಯಸ್ಸಿನವರಿಗೆ ಒಳ್ಳೆಯ ನಡಿಗೆ.

ಏಳರಿಂದ ಹತ್ತು ವರ್ಷ: ಬದುವಿನ ಮೇಲಿನ ಬೇವಿನ ಮರಗಳನ್ನು ಎಣಿಸಲಿ, ಹೆಜ್ಜೆಯಿಂದ ಹೊಲದ ಉದ್ದ ಅಳೆಯಲಿ, ಸಂತೆಯ ಲೆಕ್ಕ ಹೇಳಲಿ. ಆದರೆ ನಡಿಗೆಯನ್ನು ಮಗ್ಗಿಯ ಪರೀಕ್ಷೆಯಾಗಿ ಮಾಡಬೇಡಿರಿ.

ಹನ್ನೊಂದರಿಂದ ಮೇಲೆ: ಈಗ ನಿಮ್ಮ ಕೆಲಸ ಬಹುಪಾಲು ಕೇಳುವುದು. ಒಂದಕ್ಕಿಂತ ಹೆಚ್ಚು ಮಕ್ಕಳಿದ್ದರೆ ವಾರದಲ್ಲಿ ಒಂದು ದಿನವಾದರೂ ಒಬ್ಬೊಬ್ಬರನ್ನು ಬೇರೆಯಾಗಿ ಕರೆದುಕೊಂಡು ಹೋಗಿರಿ. ತಮ್ಮನ ಎದುರಿನಲ್ಲಿ ಅಕ್ಕ ಎಲ್ಲವನ್ನೂ ಹೇಳಲಾರಳು.

ಎರಡು ಮಕ್ಕಳ ನಡುವೆ ಕನಿಷ್ಠ 3 ವರ್ಷಗಳ ಅಂತರವಿರಲಿ ಎಂದು ಕುಟುಂಬ ಕಲ್ಯಾಣ ಕಾರ್ಯಕರ್ತರು ಹೇಳುವುದನ್ನು ನೀವು ಕೇಳಿದ್ದೀರಿ. ಅದು ಮೊದಲು ತಾಯಿಯ ಮತ್ತು ಕೂಸಿನ ಆರೋಗ್ಯಕ್ಕಾಗಿ. ಅದರಿಂದ ಇನ್ನೊಂದು ಲಾಭವೂ ಉಂಟು: ಹಿರಿಯ ಮಗುವಿನ ಕೈ ಹಿಡಿದು ನಡೆಯಲು ತಾಯಿಗೆ ಒಂದು ಕೈ ಬಿಡುವಾಗಿರುತ್ತದೆ. ಅಂತರದ ವಿಧಾನಗಳ ಬಗ್ಗೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿಯಿರಿ.

ನಡೆಯಲಾರದ ಅಂಗವಿಕಲ ಮಗುವನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿರಿ. ಹೆಗಲ ಮೇಲೋ, ಸೈಕಲ್ಲಿನಲ್ಲೋ, ಗಾಲಿಕುರ್ಚಿಯಲ್ಲೋ ಅದೂ ನಿಮ್ಮೊಡನೆ ಬರಲಿ. ಹೊರಗಿನ ಲೋಕವನ್ನು ಕಾಣುವ ಹಂಬಲ ಅದಕ್ಕೂ ಅಷ್ಟೇ ಇದೆ.

ಸಣ್ಣ ಮಾತು ಕೇಳಿದವರಿಗೆ ದೊಡ್ಡ ಮಾತು

ಈ ನಡಿಗೆಯ ನಿಜವಾದ ಬೆಲೆ ತಿಳಿಯುವುದು ಮಕ್ಕಳು ಪ್ರಾಯಕ್ಕೆ ಬರುವಾಗ. ಎಂಟನೆಯ ತರಗತಿಯ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿರಿ. ಪ್ರೌಢಶಾಲೆ ಪಕ್ಕದ ಊರಿನಲ್ಲಿದೆ. ಬಸ್ಸು ನಿಲ್ಲುವಲ್ಲಿ ಯಾರೋ ದಿನವೂ ಕೆಟ್ಟ ಮಾತು ಆಡುತ್ತಾರೆ. ಅವಳು ಮನೆಯಲ್ಲಿ ಹೇಳುವುದಿಲ್ಲ. ಒಂದು ದಿನ ಹೊಟ್ಟೆನೋವು, ಇನ್ನೊಂದು ದಿನ ತಲೆನೋವು ಎಂದು ಶಾಲೆ ತಪ್ಪಿಸುತ್ತಾಳೆ. "ಓದಿನಲ್ಲಿ ಮನಸ್ಸಿಲ್ಲ" ಎಂದು ಮನೆಯವರು ತೀರ್ಮಾನಿಸುತ್ತಾರೆ. ಅಷ್ಟರಲ್ಲಿ ನೆಂಟರು ಒಂದು ಸಂಬಂಧ ತರುತ್ತಾರೆ. ಹದಿನಾಲ್ಕು ವರ್ಷದ ಹುಡುಗಿಯ ಓದು ಅಲ್ಲಿಗೆ ನಿಲ್ಲುತ್ತದೆ. ಹದಿನಾರು ತುಂಬುವುದರೊಳಗೆ ಅವಳು ಗರ್ಭಿಣಿಯಾದರೆ ಅವಳ ಪ್ರಾಣಕ್ಕೂ ಕೂಸಿನ ಪ್ರಾಣಕ್ಕೂ ಅಪಾಯ. ಇಷ್ಟಕ್ಕೆಲ್ಲ ಮೂಲ, ಅವಳು ಹೇಳದೆ ಉಳಿದ ಒಂದು ಮಾತು.

ಅದೇ ಹುಡುಗಿ ಚಿಕ್ಕಂದಿನಿಂದ ತಾಯಿಯ ಜೊತೆ ನಡೆಯುತ್ತ, ಕಳೆದುಹೋದ ಪೆನ್ಸಿಲಿನ ಸುದ್ದಿಯನ್ನೂ ಗೆಳತಿಯ ಮುನಿಸನ್ನೂ ಹೇಳಿ ರೂಢಿಯಾಗಿದ್ದರೆ, ಈ ಮಾತೂ ಒಂದು ಸಂಜೆ ಹೊರಬರುತ್ತದೆ. ಆಗ ತಂದೆತಾಯಿಗಳು ಮುಖ್ಯೋಪಾಧ್ಯಾಯರನ್ನೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರನ್ನೂ ಕಂಡು ಮಾತನಾಡಬಹುದು. ಹುಡುಗಿಯರೆಲ್ಲ ಒಟ್ಟಾಗಿ ಹೋಗಿಬರುವ ಏರ್ಪಾಡು ಮಾಡಬಹುದು. ಅಗತ್ಯವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಇಲ್ಲಿ ಒಂದು ಎಚ್ಚರಿಕೆ ಬಹು ಮುಖ್ಯ. ನಿಮ್ಮನ್ನು ನಂಬಿ ಹೇಳಿದ ಮಾತಿಗಾಗಿ ಮಗಳಿಗೆ ಶಿಕ್ಷೆಯಾಗಬಾರದು. "ಹಾಗಾದರ ನಾಳಿಂದ ಸಾಲಿ ಬ್ಯಾಡ" ಎಂದುಬಿಟ್ಟರೆ ಅವಳು ಮುಂದೆ ಎಂದೂ ಬಾಯಿ ಬಿಡಳು. ಅದನ್ನು ಕಂಡ ತಂಗಿಯೂ ಬಾಯಿ ಬಿಡಳು. ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬುವ ಮೊದಲು ಮದುವೆ ಮಾಡುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಅಪರಾಧವೆಂಬುದನ್ನೂ ಮರೆಯಬೇಡಿರಿ.

ಮುಟ್ಟಿನ ವಿಷಯವನ್ನು ಮಗಳು ಮೊದಲು ತಾಯಿಯಿಂದಲೇ ಕೇಳಬೇಕು. ಮನೆಯಲ್ಲಿ ಹತ್ತು ಜನರ ನಡುವೆ ಆಡಲಾಗದ ಈ ಮಾತಿಗೆ ಇಬ್ಬರೇ ನಡೆಯುವ ದಾರಿ ತಕ್ಕ ಸ್ಥಳ. ಮೊದಲ ಮುಟ್ಟಿಗೆ ಮುಂಚೆಯೇ ತಿಳಿಸಿದ್ದರೆ ಹುಡುಗಿ ಹೆದರುವುದಿಲ್ಲ. ಗಂಡುಮಕ್ಕಳಿಗೂ ತಮ್ಮ ದೇಹದಲ್ಲಾಗುವ ಬದಲಾವಣೆಗಳ ಬಗ್ಗೆ ಸಂಕೋಚ, ಭಯಗಳಿರುತ್ತವೆ. ಗುಟ್ಕಾ, ಬೀಡಿಗಳ ಆಕರ್ಷಣೆ, ಮೊಬೈಲ್ ಜೂಜು, ಎಸ್.ಎಸ್.ಎಲ್.ಸಿ. ಪರೀಕ್ಷೆಯ ಅಂಜಿಕೆ, ಇವನ್ನು ಮಗ ತಂದೆಗೆ ಹೇಳಬಲ್ಲವನಾಗಬೇಕು. ಮಗು ಬಹುದಿನ ಮಂಕಾಗಿದ್ದರೆ, ಊಟ ನಿದ್ರೆ ಬಿಟ್ಟಿದ್ದರೆ, ಸಾಯುವ ಮಾತನಾಡಿದರೆ ಅದನ್ನು ಹಗುರಾಗಿ ಎಣಿಸದೆ ವೈದ್ಯರನ್ನು ಕಾಣಿರಿ. ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಟೆಲಿ ಮನಸ್, ಸಂಖ್ಯೆ 14416, 2022ರಲ್ಲಿ ಆರಂಭವಾಗಿದೆ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ದಾರಿಯಲ್ಲಿ ಆಡಬಾರದ ಮಾತುಗಳು

ನಡಿಗೆಯನ್ನು ಉಪದೇಶದ ವೇಳೆಯಾಗಿ ಮಾಡಬೇಡಿರಿ. ಅಂಕಗಳ ವಿಚಾರಣೆ, ನೆರೆಮನೆಯ ಹುಡುಗನೊಡನೆ ಹೋಲಿಕೆ, ಮನೆಯ ಸಾಲದ ಚಿಂತೆ, ಗಂಡಹೆಂಡಿರ ಜಗಳ, ಇವು ದಾರಿಯಲ್ಲಿ ಬೇಡ. ಮಗು ತಪ್ಪೊಪ್ಪಿಕೊಂಡರೆ ಕೂಡಲೇ ಕೈಯೆತ್ತಬೇಡಿರಿ, "ಹೇಳಿದ್ದು ಚಲೋ ಆತು. ಈಗ ಏನ್ ಮಾಡೋಣು?" ಎಂದು ಕೇಳಿರಿ. ಮಗು ಗುಟ್ಟಾಗಿ ಹೇಳಿದ ಮಾತನ್ನು ರಾತ್ರಿ ಕಟ್ಟೆಯ ಮೇಲೆ ಕುಳಿತು ನಾಲ್ಕು ಜನರೆದುರು ನಗೆಯಾಗಿಸಬೇಡಿರಿ. ಏನೂ ಮಾತಿಲ್ಲದ ದಿನ ಸುಮ್ಮನೆ ನಡೆದು ಬನ್ನಿರಿ. ಅಂತಹ ದಿನವೂ ವ್ಯರ್ಥವಲ್ಲ.

ಸಮಯವೆಲ್ಲಿದೆ?

ಬಿತ್ತನೆ, ರಾಶಿಗಳ ಕಾಲದಲ್ಲಿ ಬಿಡುವು ಸಿಗುವುದು ಕಷ್ಟ. ಆಗ ಶಾಲೆಗೆ ಬಿಟ್ಟುಬರುವ ಹತ್ತು ನಿಮಿಷ, ಹಿಟ್ಟಿನ ಗಿರಣಿಗೆ ಹೋಗಿಬರುವ ಹತ್ತು ನಿಮಿಷ ಸಾಕು. ಮುಖ್ಯವಾದುದು ನಿಯಮ. "ಸೋಮವಾರ, ಗುರುವಾರ ಅಪ್ಪನ ಜೊತೆ, ಮಂಗಳವಾರ, ಶನಿವಾರ ಅವ್ವನ ಜೊತೆ" ಎಂದು ಗೊತ್ತಿದ್ದರೆ ಮಗು ಆ ದಿನಕ್ಕಾಗಿ ಕಾಯುತ್ತದೆ, ಹೇಳಬೇಕಾದುದನ್ನು ಕೂಡಿಟ್ಟುಕೊಳ್ಳುತ್ತದೆ. ಮಕ್ಕಳ ಮನಸ್ಸನ್ನು ಅರಿಯುವುದು ತಾಯಿಯ ಕೆಲಸ ಮಾತ್ರವೆಂದು ತಂದೆಯರು ತಿಳಿಯಬಾರದು.

ಕೆಲಸಕ್ಕಾಗಿ ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಹೋಗುವ ತಂದೆಯರು ನಮ್ಮ ಸೀಮೆಯಲ್ಲಿ ಅನೇಕರು. ಅಂತಹವರು ಗೊತ್ತಾದ ವೇಳೆಗೆ ಫೋನು ಮಾಡಿ ಹತ್ತು ನಿಮಿಷ ಮಗುವಿನೊಡನೆಯೇ ಮಾತನಾಡಲಿ. ಊರಿಗೆ ಬಂದ ಮೊದಲನೆಯ ಸಂಜೆಯನ್ನು ಮಕ್ಕಳ ನಡಿಗೆಗೆ ಮೀಸಲಿಡಲಿ. ಅವರು ಊರಲ್ಲಿಲ್ಲದಾಗ ಅಜ್ಜ, ಅಜ್ಜಿ, ಸೋದರಮಾವಂದಿರು ಆ ಸ್ಥಾನವನ್ನು ತುಂಬಲಿ.

ಸುರಕ್ಷತೆಗಾಗಿ

ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಬಿಸಿಲು 40 ಡಿಗ್ರಿಯನ್ನು ಮೀರುತ್ತದೆ. ಬೆಳಿಗ್ಗೆ 8ಕ್ಕೆ ಮೊದಲು ಅಥವಾ ಸಂಜೆ ಬಿಸಿಲು ಇಳಿದ ಮೇಲೆ ಹೊರಡಿರಿ. ಕುಡಿಯುವ ನೀರು ಜೊತೆಯಲ್ಲಿರಲಿ. ಬರಿಗಾಲಿನಲ್ಲಿ ನಡೆದರೆ ಕೊಕ್ಕೆಹುಳುವಿನ ಮರಿಗಳು ಅಂಗಾಲಿನ ಚರ್ಮದ ಮೂಲಕ ದೇಹವನ್ನು ಸೇರಿ ರಕ್ತಹೀನತೆ ಉಂಟುಮಾಡುತ್ತವೆ. ಆದ್ದರಿಂದ ಮಕ್ಕಳಿಗೆ ಚಪ್ಪಲಿ ತೊಡಿಸಿರಿ. ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಜಂತುನಾಶಕ ಮಾತ್ರೆಯನ್ನು ತಪ್ಪಿಸಬೇಡಿರಿ.

ಕತ್ತಲಾದರೆ ಬ್ಯಾಟರಿ ದೀಪ ಹಿಡಿಯಿರಿ. ಹಾವು ಕಚ್ಚಿದರೆ ಗಾಯವನ್ನು ಕೊಯ್ಯುವುದು, ಬಾಯಿಯಿಂದ ಹೀರುವುದು, ಬಿಗಿಯಾಗಿ ಕಟ್ಟುವುದು ಸಲ್ಲದು. ಕಚ್ಚಿದ ಅಂಗವನ್ನು ಅಲುಗಿಸದೆ, 108ಕ್ಕೆ ಕರೆ ಮಾಡಿ, ಮಂತ್ರ ತಂತ್ರಗಳಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ತೆರೆದ ಬಾವಿ, ಕೃಷಿ ಹೊಂಡಗಳ ಬಳಿ ಮಗುವಿನ ಕೈ ಬಿಡಬೇಡಿರಿ. ಔಷಧ ಸಿಂಪಡಿಸಿದ ಹೊಲಕ್ಕೆ ಮಕ್ಕಳನ್ನು ಒಯ್ಯಬೇಡಿರಿ. ಗುಡುಗು ಮಿಂಚಿನ ಹೊತ್ತಿನಲ್ಲಿ ಮರದ ಕೆಳಗೆ ನಿಲ್ಲಬೇಡಿರಿ. ಡಾಂಬರು ರಸ್ತೆಯಲ್ಲಿ ಎದುರಿನಿಂದ ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯಿರಿ. ಮಗು ರಸ್ತೆಯ ಹೊರಬದಿಗಿರಲಿ.

ನೆನಪಿನಲ್ಲಿಡಿರಿ

1. ವಾರಕ್ಕೆ ನಾಲ್ಕು ದಿನ, ದಿನಕ್ಕೆ 20 ನಿಮಿಷ, ದಿನಗಳು ಗೊತ್ತಾಗಿರಲಿ.
2. ಮಗುವಿನ ಹೆಜ್ಜೆಯ ವೇಗವೇ ನಡಿಗೆಯ ವೇಗ.
3. ಹೇಳುವುದಕ್ಕಿಂತ ಕೇಳುವುದು ಹೆಚ್ಚಿರಲಿ.
4. ನಂಬಿ ಹೇಳಿದ ಮಾತಿಗೆ ಶಿಕ್ಷೆ ಬೇಡ, ಅಪಹಾಸ್ಯ ಬೇಡ.
5. ತಂದೆ ತಾಯಿ ಇಬ್ಬರೂ ನಡೆಯಬೇಕು. ಹೆಣ್ಣು ಗಂಡೆಂಬ ಭೇದವಿಲ್ಲದೆ ಎಲ್ಲ ಮಕ್ಕಳೂ ನಡೆಯಬೇಕು.

ಮಕ್ಕಳು ಬೇಗ ಬೆಳೆಯುತ್ತಾರೆ. ಇಂದು ನಿಮ್ಮ ಬೆರಳು ಹಿಡಿದು ನಡೆಯುವ ಮಗು ನಾಳೆ ಕಾಲೇಜಿಗೋ ಕೆಲಸಕ್ಕೋ ಊರು ಬಿಟ್ಟು ಹೋಗುವುದು. ಕಷ್ಟ ಬಂದ ದಿನ ಅದು ಮೊದಲು ನಿಮಗೆ ಫೋನು ಮಾಡಬೇಕೆಂದು ನೀವು ಬಯಸುವಿರಾದರೆ, ಇಂದಿನ ಸಂಜೆಯೇ ಚಪ್ಪಲಿ ಮೆಟ್ಟಿ ಅದನ್ನು ಕರೆಯಿರಿ.